ಬಿಸಿಲಿನ ಮೂಲೆಗೊಬ್ಬ ರೋಗಿ

ಸುಳ್ಳು ಹೇಳುವವನು ಕೊನೇಪಕ್ಷ ಬಾಗಿಲಾದರೂ ಹಾಕಿಕೊಳ್ಳಬೇಕು. ನಮ್ಮ ಗುಮಾಸ್ತನಿಗೆ ಅಷ್ಟೂ ಬುದ್ಧಿ ಓಡಲಿಲ್ಲ. ಬಾಲ್ಕನಿಯಲ್ಲಿ ನಿಂತು, ದನಿಯನ್ನು ತುಕ್ಕುಹಿಡಿದ ಬಾಗಿಲಿನಂತೆ ಕರಕರ ಮಾಡಿಕೊಂಡು ಮ್ಯಾನೇಜರಿಗೆ ಫೋನ್ ಹಚ್ಚಿದ. "ಸರ್, ಗಂಟಲು ಪೂರ್ತಿ ಹೋಗಿದೆ. ಇವತ್ತೊಂದಿನ ರಜ ಬೇಕಿತ್ತು."

ಗಂಟಲಿಗೆ ಏನೂ ಆಗಿರಲಿಲ್ಲ, ಆಗಿದ್ದು ನಾಲಿಗೆಗೆ. ಹೆಂಡತಿ ಕುಂಡಗಳಲ್ಲಿ ಸೊಪ್ಪು ಬೆಳೆಯೋಕೆ ಶುರುಮಾಡಿದ ಮೇಲೆ ಮನೆಯ ಎಣ್ಣೆ ಬಾಣಲೆ ಅಟ್ಟ ಸೇರಿತ್ತು. ಬೆಳಿಗ್ಗೆ ನಿಂಬೆಹುಲ್ಲಿನ ನೀರು, ಮಧ್ಯಾಹ್ನ ಬೇಯಿಸಿದ ಸೊಪ್ಪು, ರಾತ್ರಿ ಮಧ್ಯಾಹ್ನದ್ದೇ ಉಳಿದ ಸೊಪ್ಪು. ಆಕೆ ಇವತ್ತು ಅಕ್ಕನ ಮನೆಗೆ ಹೋಗಿದ್ದಳು, ಬರುವುದು ಸಂಜೆಗೆ. ಆಲೂಗೆಡ್ಡೆಯನ್ನು ಎಣ್ಣೆಯಲ್ಲಿ ಕೆಂಪಗೆ ಕರಿದು ತಿಂದು, ಹೊದ್ದು ಮಲಗಬೇಕು. ಆ ಬಡಪಾಯಿ ಕೇಳಿದ್ದು ಇಷ್ಟೇ.

ಆದರೆ ಆ ಕಟ್ಟಡದಲ್ಲಿ ಕಾಯಿಲೆ ಅನ್ನೋದು ಅವರವರ ಮನೆ ವಿಷಯವಲ್ಲ. ಅಲ್ಲಿ ಎಲ್ಲರೂ ಔಷಧಿ ಸೊಪ್ಪು ಬೆಳೆಯುವವರೇ, ತಾರಸಿಯಲ್ಲಿ ಪೂರಾ ಬಿಸಿಲು ಬೀಳುವ ಮೂಲೆ ಮಾತ್ರ ಒಂದೇ. ಅದಕ್ಕೊಂದು ಕಟ್ಟುಪಾಡಿತ್ತು. ಯಾರ ಎಲೆಯಿಂದ ರೋಗಿ ಎದ್ದು ಕೂತನೋ ಅವರ ಕುಂಡಕ್ಕೆ ಆ ಮೂಲೆ, ಮುಂದಿನ ರೋಗಿ ಸಿಗುವವರೆಗೆ. ದುರದೃಷ್ಟಕ್ಕೆ ಈಚೆಗೆ ಒಬ್ಬರೂ ಕಾಯಿಲೆ ಬಿದ್ದಿರಲಿಲ್ಲ. ಕಟ್ಟಡದ ತುಂಬ ವೈದ್ಯರು, ರೋಗಿಗಳಿಗೆ ಬರ.

ಅಟ್ಟದಿಂದಿಳಿದ ಬಾಣಲೆ ಇನ್ನೂ ಕಾದಿರಲಿಲ್ಲ, ಬಾಗಿಲು ಬಡಿದ ಸದ್ದು. ಮೇಲಿನ ಮನೆಯ ನಿವೃತ್ತ ಕಾಂಪೌಂಡರ್ ಹಬೆಯಾಡುವ ಲೋಟ ಹಿಡಿದು ನಿಂತಿದ್ದರು.

"ಗಂಟಲಂತೆ. ಬಾಯಿ ತೆಗಿಯಪ್ಪ."

"ಪರವಾಗಿಲ್ಲ ಅಂಕಲ್, ಸ್ವಲ್ಪ ಮಲಗಿದ್ರೆ..."

"ಮಲಗಿದ್ರೆ ನಿದ್ದೆ ಬರುತ್ತೆ, ರೋಗ ಹೋಗಲ್ಲ. ದೊಡ್ಡಪತ್ರೆ ರಸಕ್ಕೆ ಕಾಳುಮೆಣಸು ಹಾಕಿ ತಂದಿದೀನಿ. ಆ ಪುದೀನದವಳು ಮೂಲೆ ಹಿಡ್ಕೊಂಡ ಮೇಲೆ ನನ್ನ ಗಿಡ ನೆರಳಲ್ಲಿ ಸೊರಗಿಹೋಗಿದೆ. ನೀನು ಗುಣವಾಗ್ಲೇಬೇಕು."

ಲೋಟ ಗಂಟಲಿಗಿಳಿಯಿತು, ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಎದುರುಮನೆಯ ಪುದೀನ ಆಂಟಿ ಒಳಗೇ ಬಂದುಬಿಟ್ಟರು. "ಅಯ್ಯೋ, ಇವರ ಕೈಯಲ್ಲಿ ಕುಡಿದ್ಯಾ? ಮೊದ್ಲು ಅದರ ಉರಿ ಇಳೀಬೇಕು, ಇದು ಕುಡಿ" ಅಂದವರು ಅಡುಗೆಮನೆಗೆ ಇಣುಕಿದರು. "ಇದೇನು, ಗಂಟಲುನೋವಿಗೆ ಕರಿದದ್ದಾ? ನಿನ್ನ ಹೆಂಡ್ತಿಗೆ ಫೋನ್ ಮಾಡ್ಲಾ?"

"ಬೇಡ ಆಂಟಿ" ಎಂದು ಕಳ್ಳನಂತೆ ತಲೆತಗ್ಗಿಸಿ ಕುಡಿದ. ಆಂಟಿ ಸುಮ್ಮನಿರಲಿಲ್ಲ. ಆಲೂಗೆಡ್ಡೆಯನ್ನೆಲ್ಲ ನೀರಲ್ಲಿ ಬೇಯಿಸಿ, ಪುದೀನ ಹಾಕಿ ಮಸೆದು, ಉಪ್ಪು ಗಂಟಲಿಗೆ ಒಳ್ಳೇದಲ್ಲವೆಂದು ಅದನ್ನೂ ಬಿಟ್ಟು ಅವನ ಮುಂದಿಟ್ಟರು.

ಹೆಂಡತಿಗೆ ಕಾಂಪೌಂಡರ್ ಆಗಲೇ ಸುದ್ದಿ ಮುಟ್ಟಿಸಿದ್ದರು. ಅವಳ ಫೋನ್ ಬಂತು. "ರೀ, ಊರವರದ್ದೆಲ್ಲ ಕುಡೀತೀರಿ, ನಾನು ಬೆಳೆದ ನಿಂಬೆಹುಲ್ಲು ಏನು ದನಕ್ಕಾ? ಹಿತ್ತಲ ಗಿಡ ಮದ್ದಲ್ಲ ಅಂತ ನಿಮ್ಮಂಥೋರನ್ನ ನೋಡೇ ಗಾದೆ ಮಾಡಿರಬೇಕು." ಕುಂಡದಿಂದ ನಿಂಬೆಹುಲ್ಲು ಕಿತ್ತು ಕುದಿಸಿದ ಆ ಲೋಟವೂ ಒಳಹೋಯಿತು. ಮಲಗುವ ಮಾತು ಹಾಗಿರಲಿ, ಒರಗಿಕೊಳ್ಳೋಕೂ ಬಿಡಲಿಲ್ಲ. ಹಬೆ ತಗೋಬೇಕೆಂದು ಕುದಿನೀರಿನ ಪಾತ್ರೆ ಬಂತು.

ಆಗ ಮ್ಯಾನೇಜರ್ ಫೋನ್ ಮಾಡಿದರು. ಬೀರುವಿನ ಬೀಗದಕೈ ಎಲ್ಲಿದೆ ಎಂದು ಕೇಳಿ, "ಗಂಟಲು ಹೇಗಿದೆ?" ಎಂದರು.

ಎದುರಿಗೆ ಎರಡು ಮುಖ ಕಣ್ಣರಳಿಸಿ ಕಾಯುತ್ತಿದ್ದವು. ವಾಸಿಯಾಯಿತು ಅಂದರೆ ಆಫೀಸಿಗೆ ಬಾ ಅಂತಾರೆ, ಆಗಿಲ್ಲ ಅಂದರೆ ಇನ್ನೊಂದು ಲೋಟ. ಅತ್ತ ದರಿ, ಇತ್ತ ಪುಲಿ.

"ಅರ್ಧ ವಾಸಿ ಸರ್" ಎಂದು ಕರಕರ ಅಂದ.

"ಯಾವ ಅರ್ಧ?" ಕಾಂಪೌಂಡರ್ ಎದ್ದು ನಿಂತರು. "ನನ್ನ ಅರ್ಧವೋ, ಅವರ ಅರ್ಧವೋ?"

"ಮೇಲಿನರ್ಧ ಉರೀತಿರೋದು ನಿಮ್ದು, ತಣ್ಣಗಿರೋದು ನಂದು" ಎಂದರು ಆಂಟಿ. ಮುಂದಿನ ಸೊಪ್ಪು ಯಾರದ್ದು ಹಾಕಬೇಕೆಂದು ಇಬ್ಬರೂ ಪಾತ್ರೆಗೆ ಕೈಹಾಕಿ ಜಗ್ಗಾಡಿದರು. ಕುದಿನೀರು ನೇರ ಗುಮಾಸ್ತನ ಕಾಲಿನ ಮೇಲೆ ಬಿತ್ತು.

"ಅಯ್ಯಯ್ಯಪ್ಪಾ, ಸತ್ತೆ!"

ಆ ಕೂಗು ಇಡೀ ಕಟ್ಟಡಕ್ಕೆ ಕೇಳಿಸಿತು. ಒಂದು ಚೂರೂ ಕರಕರವಿಲ್ಲ. ಕೈಯಲ್ಲಿದ್ದ ಫೋನಿನಲ್ಲಿ ಮ್ಯಾನೇಜರ್ ಇನ್ನೂ ಇದ್ದರು.

"ಸಂಜೆ ನಿಮ್ಮ ಮನೆಗೇ ಬರ್ತೀನಿ" ಎಂದು ಮ್ಯಾನೇಜರ್ ಇಟ್ಟುಬಿಟ್ಟರು.

ವೈದ್ಯರಿಬ್ಬರೂ ಈ ಕೂಗು ಯಾರ ಎಲೆಯದೆಂದು ಕಚ್ಚಾಡುತ್ತಿದ್ದರೆ, ಗುಮಾಸ್ತ ಕಾಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೆಲಸ ಹೋಯಿತೆಂದು ಕೂತ. ಬೇರೆ ಯಾರೂ ಕೊಡದ ಈ ಕೆಲಸ ಹೋದರೆ ದಿನಾ ಮನೆಯಲ್ಲೇ ಇದ್ದು ಸೊಪ್ಪು ತಿನ್ನಬೇಕು. ಅದನ್ನು ನೆನೆಸಿಕೊಂಡೇ ಅವನಿಗೆ ಅಳು ಬಂತು.

ಸಂಜೆ ಹೆಂಡತಿ ಬಂದ ಹಿಂದೆಯೇ ಮ್ಯಾನೇಜರೂ ಬಂದರು.

"ಸರ್, ತಪ್ಪಾಯ್ತು. ನಿಜ ಏನಂದ್ರೆ..."

"ನಿಜವನ್ನ ನನ್ನ ಕಿವಿಯಲ್ಲೇ ಕೇಳಿದೆನಲ್ಲ" ಎಂದು ಮ್ಯಾನೇಜರ್ ಅವನ ಬೆನ್ನು ತಟ್ಟಿದರು. "ಬೆಳಿಗ್ಗೆ ಕಪ್ಪೆ ದನಿ, ಮಧ್ಯಾಹ್ನಕ್ಕೆ ಕಂಚಿನ ಗಂಟೆ. ನಮ್ಮ ಆಫೀಸಲ್ಲಿ ದಿನ ಬೆಳಗಾದ್ರೆ ಒಬ್ಬರಲ್ಲ ಒಬ್ಬರಿಗೆ ಗಂಟಲು. ಎಲ್ಲಿ, ಆ ಗಿಡಗಳು ಯಾರದ್ದು?"

ಮೂರು ಕುಂಡ ಬಂದವು. ಮೂಲೆಯ ಜಗಳ ಕೇಳಿ ಮ್ಯಾನೇಜರ್ ನಕ್ಕು, ಗುಮಾಸ್ತನತ್ತ ಕೈ ತೋರಿಸಿದರು. "ಆಫೀಸಲ್ಲಿ ಚೆನ್ನಾಗಿ ಬಿಸಿಲು ಬೀಳೋ ಕಿಟಕಿ ಇವರ ಮೇಜಿನ ಪಕ್ಕದ್ದೇ. ಮೂರೂ ಅಲ್ಲೇ ಇರಲಿ. ಇನ್ಮೇಲೆ ಕಾಯಿಲೆ ರಜ ಕೇಳೋರು ಮೊದ್ಲು ಆಫೀಸಿಗೆ ಬಂದು ಮೂರು ಲೋಟ ಕುಡೀಬೇಕು. ಆಮೇಲೂ ಗುಣವಾಗದಿದ್ರೆ ರಜದ ಮಾತು. ಕುಡಿಸೋ ಜವಾಬ್ದಾರಿ ಇವರದ್ದು."

ನಾಳೆಯಿಂದ ಸಹೋದ್ಯೋಗಿಗಳು ತನ್ನನ್ನು ಹೇಗೆ ನೋಡುತ್ತಾರೆಂದು ಗುಮಾಸ್ತನಿಗೆ ಗೊತ್ತಿತ್ತು. ಹೆಂಡತಿ ಮಾತ್ರ ಮದುವೆಯಾದ ಮೇಲೆ ಮೊದಲ ಸಲ ಅವನನ್ನು ಹೆಮ್ಮೆಯಿಂದ ನೋಡಿದಳು. ಅಷ್ಟು ಹೊತ್ತಿಗೆ ಹಗಲಿಡೀ ಒಳಗಿಳಿದಿದ್ದೆಲ್ಲ ಹೊಟ್ಟೆಯಲ್ಲಿ ಗುಡುಗುಡು ಎಂದು ಸುತ್ತತೊಡಗಿತು. ಬೆವರು ಕಿತ್ತುಬಂತು. ಈ ಸಲ ಸುಳ್ಳೇನೂ ಇರಲಿಲ್ಲ.

"ಸರ್, ನಾಳೆ ಒಂದಿನ ರಜ ಬೇಕಿತ್ತು. ಹೊಟ್ಟೆ ನಿಜವಾಗ್ಲೂ ಕೆಟ್ಟಿದೆ."

ಮ್ಯಾನೇಜರ್ ಕಾಂಪೌಂಡರ ಮುಖ ನೋಡಿದರು. ಕಾಂಪೌಂಡರ್ ಪುದೀನ ಆಂಟಿಯ ಮುಖ ನೋಡಿದರು. ಹೆಂಡತಿ ಎದ್ದು ಹೋಗಿ ಒಲೆ ಹಚ್ಚಿದಳು.