ಕಣ್ಣೆಳೆಯೋ ಹೊತ್ತಿನ ಒನ್, ಟೂ, ತ್ರೀ

ನಿದ್ದೆಗಣ್ಣಲ್ಲಿ ಪಾಠ ಹೇಳಿಕೊಟ್ಟರೆ ಏನೇನಾಗುತ್ತೋ ಅದೆಲ್ಲ ನಮ್ಮನೇಲಿ ಆಗ್ತಾನೇ ಇರುತ್ತೆ. ನಮ್ಮ ಸೊಸೆ ಅಜ್ಜಂಪುರದಿಂದ ತರೀಕೆರೆಗೆ ಕೆಲಸಕ್ಕೆ ಹೋದರೆ ಬರೋದು ಸಂಜೆಗೆ. ಅಲ್ಲಿಯ ಇಂಗ್ಲಿಷ್ ಶಾಲೇಲಿ ಮಗಳಿಗೆ ಸೀಟು ಸಿಗಲೇಬೇಕು ಅಂತ ಅವಳಾಸೆ. ಮೊದಲು ಮಗೂನ ಕೂರಿಸಿ ಪ್ರಶ್ನೆ ಕೇಳ್ತಾರಂತೆ. ಹಾಗಾಗಿ ನಾಲ್ಕು ವರ್ಷದ ಮೊಮ್ಮಗಳಿಗೆ ಎಣಿಕೆ ಕಲಿಸೋ ಕೆಲಸ ಅಜ್ಜಿಯಾದ ನನ್ನ ತಲೆಗೆ ಬಂತು. ಅದೂ ಊಟ ಆಗಿ ಕಣ್ಣು ಎಳೆಯೋ ಹೊತ್ತಲ್ಲಿ.

ಗೂಡ್ಸ್ ಗಾಡಿ

ನಮ್ಮ ಜಗುಲಿಗೆ ರೈಲು ಕಾಣುತ್ತೆ. ಮಧ್ಯಾಹ್ನ ಗೂಡ್ಸ್ ಗಾಡಿ ಬಂದಾಗ ಬೋಗಿ ಎಣಿಸು ಅಂತ ಮಗೂಗೆ ಹೇಳಿ ನಾನು ಗೋಡೆಗೆ ಒರಗ್ತೀನಿ. ಅವಳ ಒನ್, ಟೂ, ಗಾಡಿಯ ಧಡಧಡ, ಎರಡೂ ಸೇರಿದರೆ ಯಾರೋ ನನ್ನ ತೊಟ್ಟಿಲು ತೂಗಿದ ಹಾಗಿರುತ್ತೆ. ಒಂದಿನ ಟ್ವೆಂಟಿ ಅಂದವಳು ಸುಮ್ಮನಾಗಿಬಿಟ್ಟಳು. ಗಾಡಿ ಇನ್ನೂ ಹೋಗ್ತಾನೇ ಇತ್ತು. ಯಾಕೆ ನಿಲ್ಲಿಸಿದೆ ಅಂದೆ.

"ಅಮ್ಮ ಟ್ವೆಂಟಿವರೆಗೇ ಹೇಳ್ಕೊಟ್ಟಿರೋದು ಅಜ್ಜಿ. ಮಿಕ್ಕಿದ್ದು ನಾಳೆ ಬರ್ಲಿ."

ಟ್ವೆಂಟಿ ದಾಟಿದರೆ ನನಗೂ ಬರಲ್ಲ. ಆಯ್ತು, ನಾಳೆ ಬರ್ಲಿ ಅಂದು ಕಣ್ಣು ಮುಚ್ಚಿದೆ.

ಇಂಗ್ಲಿಷ್ ಗಂಟೆ

ಸಂಜೆ ಒಂದು ಗಂಟೆ ಮನೇಲಿ ಎಲ್ಲರೂ ಇಂಗ್ಲಿಷಲ್ಲೇ ಮಾತಾಡಬೇಕು ಅಂತ ಸೊಸೆ ಅಪ್ಪಣೆ ಮಾಡಿದಳು. ನನಗೆ ಬರೋದು ಕಮ್, ಗೋ, ಸಿಟ್. ನಮ್ಮನೆಯವರಿಗೆ ಅದೂ ಇಲ್ಲ. ಸೊಸೆಗೆ ಬರುತ್ತೆ, ಆದ್ರೆ ಉತ್ತರ ಕೊಡೋರು ಯಾರು? ದೀಪ ಹಚ್ಚೋ ಹೊತ್ತಿಗೆ ಮನೆಗೆ ಮನೆಯೇ ತೂಕಡಿಸ್ತಿದೆ ಅನ್ನಿಸೋದು. ಒಲೆ ಮೇಲಿನ ಸಾರು ಕುದಿಯೋದು ಜಗುಲಿಗೆ ಕೇಳೋದು.

ಪಕ್ಕದ ಮನೆ ಬೀಬಿ ಕರಿಬೇವು ಕೇಳ್ಕೊಂಡು ಬಂದರು. ಕಮ್, ಸಿಟ್ ಅಂದೆ. ಅವರು ಕೂತು, ನಮ್ಮಿಬ್ಬರ ಮುಖ ನೋಡಿ, ಅತ್ತೆ ಸೊಸೆ ಮಾತು ಬಿಟ್ಟಿದ್ದೀರಾ ಅಂತ ಮೆಲ್ಲಗೆ ಕೇಳಿದರು. ಇಲ್ಲಪ್ಪಾ, ಇದು ಇಂಗ್ಲಿಷು ಅಂತ ನಾನು ಕನ್ನಡದಲ್ಲೇ ಹೇಳಬೇಕಾಯ್ತು. ನಮ್ಮನೆಯವರು ಪೇಪರಿಂದ ತಲೆ ಎತ್ತಿದರು.

"ಈ ಇಂಗ್ಲಿಷು ನಾನು ಇವಳನ್ನ ಮದುವೆಯಾದ ದಿನವೇ ಬರಬೇಕಿತ್ತು ಕಣಮ್ಮ."

ಸೀಟು

ರಾಗಿ ಅಳೆಯುವಾಗ ಮೊಮ್ಮಗಳನ್ನ ಪಕ್ಕದಲ್ಲೇ ಕೂರಿಸ್ಕೋತಿದ್ದೆ. ನಮ್ಮಲ್ಲಿ ಅಳತೆ ಮಾಡುವಾಗ ಮೊದಲ ಸೇರಿಗೆ ಒಂದು ಅನ್ನಲ್ಲ, ಲಾಭ ಅಂತೀವಿ. ಲಾಭ, ಎರಡು, ಮೂರು. ಒಂದು ಅಂದ್ರೆ ಒಂದಕ್ಕೇ ನಿಂತುಹೋಗುತ್ತೆ ಅಂತ ನಮ್ಮತ್ತೆ ಹೇಳೋರು. ಈ ಹುಡುಗಿ ಅದನ್ನ ಹಿಡ್ಕೊಂಡು ಲಾಭ, ಟೂ, ತ್ರೀ ಅನ್ನೋಕೆ ಶುರು ಮಾಡಿದಳು. ಶಾಲೇಲಿ ಹೀಗಂದ್ರೆ ಸೀಟು ಹೋಯ್ತು ಅತ್ತೆ ಅಂತ ಸೊಸೆ ಕಣ್ಣಲ್ಲಿ ನೀರು ತಂದ್ಕೊಂಡಳು. ನನಗೂ ಸಂಕಟ ಆಯ್ತು. ದಿನಾ ನಿದ್ದೆ ಬಿಟ್ಟು ಕೂತು ಒನ್ ಅನ್ನಿಸಿ ಅನ್ನಿಸಿ ತಿದ್ದಿದೆ.

ಸೀಟಿನ ದಿನ ಮಧ್ಯಾಹ್ನ ಮೂವರೂ ತರೀಕೆರೆಗೆ ಹೋದ್ವಿ. ಒಳಗೆ ಕರೆದಿದ್ದು ನಮ್ಮನ್ನೇ ಮೊದಲು. ಉಂಡು ಬಂದ ಹೊಟ್ಟೆ, ಮೇಲೆ ಫ್ಯಾನು, ಕೂತಿದ್ದು ಮೆತ್ತನೆ ಕುರ್ಚಿ. ಹೆಡ್ ಮೇಡಂ ಮೇಜಿನ ಮೇಲೆ ಮಣಿ ಹರವಿದ್ದು ನೋಡಿದೆ. ಅದು ರಾಗಿ ಹಾಗೆ ಕಂಡಿದ್ದೇ ಕೊನೆ, ನಾನು ಕಣದಲ್ಲಿದ್ದೆ. ನಮ್ಮತ್ತೆ ಸೇರು ಹಿಡಿದು ನಿಂತಿದ್ದರು.

ಎಲ್ಲಿಂದಲೋ ಮೊಮ್ಮಗಳ ದನಿ, ಒನ್ ಅಂತು.

"ಒನ್ ಅಲ್ಲ ಕಣೇ, ಲಾಭ ಅನ್ನು" ಅಂದೆ, ಗಟ್ಟಿಯಾಗಿ.

ಅಜ್ಜಿ ಮಾತು ಮೀರದ ಮಗು. ಮತ್ತೆ ಮೊದಲಿಂದ ಲಾಭ, ಟೂ, ತ್ರೀ ಅಂತ ಟ್ವೆಂಟಿವರೆಗೂ ಎಣಿಸಿಬಿಟ್ಟಳು. ನನಗೆ ಎಚ್ಚರ ಆದಾಗ ಸೊಸೆ ಸೆರಗಲ್ಲಿ ಮುಖ ಮುಚ್ಕೊಂಡಿದ್ದಳು. ಅಯ್ಯೋ, ನನ್ನ ಕೈಯಾರೆ ಕೆಡಿಸಿದೆನಲ್ಲ!

ಮೇಡಂ ಪೆನ್ನು ಕೆಳಗಿಟ್ಟರು. ಲಾಭ ಅಂದ್ರೇನು ಅಂತ ಇಂಗ್ಲಿಷಲ್ಲಿ ಕೇಳ್ತಾರೇನೋ ಅಂದ್ಕೊಂಡೆ. ಅವರು ನಮ್ಮೂರು ಸಿಂಗಟಗೆರೆ, ನಮ್ಮಜ್ಜೀನೂ ಹಿಂಗೇ ಅಳೀತಿದ್ರು ಅಂದರು. ಆಮೇಲೆ ಗುಮಾಸ್ತನ ಕಡೆ ತಿರುಗಿದರು.

"ಈ ಸಲದ ಮೊದಲ ಅಡ್ಮಿಷನ್ನು ಈ ಮಗೂದೇ. ಲಾಭ ಅಂತ ಬರ್ಕೊಳ್ಳಿ. ಹೋದ ವರ್ಷ ಒಂದು ಅಂತ ಶುರು ಮಾಡಿ ಅರ್ಧ ಬೆಂಚು ಖಾಲಿ ಉಳಿದ್ವು."