ದುಡ್ಡನ್ನು ಓದುತ್ತಿದ್ದ ಮಾಮ

ಫಟ್!

ಹೊಸ ನೋಟಿನ ಎರಡು ತುದಿ ಹಿಡಿದು ಕಿವಿಯ ಹತ್ತಿರ ಜಗ್ಗಿದರೆ ಬರುವ ಸದ್ದು ಅದು. ಬೇರೆಯವರ ಮಾಮಂದಿರು ಬಂದರೆ ಬಾಗಿಲಲ್ಲಿ ಕೆಮ್ಮುತ್ತಿದ್ದರು, ಚಪ್ಪಲಿ ಕೊಡವುತ್ತಿದ್ದರು. ನಮ್ಮ ಮಾಮ ಬಂದರೆ ಮೊದಲು ಫಟ್ ಅನ್ನುತ್ತಿತ್ತು, ಆಮೇಲೆ ಮಾಮ ಕಾಣಿಸುತ್ತಿದ್ದ.

ಲೋಕದ ಜನ ದುಡ್ಡನ್ನು ಗಳಿಸುತ್ತಾರೆ, ಎಣಿಸುತ್ತಾರೆ, ಬಚ್ಚಿಡುತ್ತಾರೆ. ನನ್ನ ಅಮ್ಮನ ತಮ್ಮನಾದ ಈ ಮಹಾನುಭಾವ ದುಡ್ಡನ್ನು ಓದುತ್ತಿದ್ದ! ಪೇಪರ್ ಓದುವ ಹಾಗೆ, ಮೇಲಿನಿಂದ ಕೆಳಗೆ, ಹಿಂದೆ ಮುಂದೆ. ಅದರಲ್ಲಿ ಓದುವುದಕ್ಕೇನಿದೆ ಅಂತೀರಾ? ಹಾಗೆ ಕೇಳಿದವರಿಗೆಲ್ಲ ಸಂಜೆಯವರೆಗೆ ಬಿಡುಗಡೆ ಇರಲಿಲ್ಲ. ಆಫೀಸರ್ ಬದಲಾದರೆ ನೋಟಿನ ಮೇಲಿನ ರುಜು ಬದಲಾಗುತ್ತದೆ. ನಂಬರಿನ ಪಕ್ಕದಲ್ಲಿ ಒಮ್ಮೆ ಇರುವೆಯಷ್ಟು ಇಂಗ್ಲಿಷ್ ಅಕ್ಷರ ಇರುತ್ತದೆ, ಒಮ್ಮೆ ಇರುವುದಿಲ್ಲ. ಬಣ್ಣ ಒಂದು ಸಲ ಗಾಢ, ಒಂದು ಸಲ ತೆಳು. ಹೀಗೆ ಒಂದೊಂದು ಬಗೆಗೂ ಒಂದೊಂದು ನೋಟು ಹುಡುಕಿ, ವಿಂಗಡಿಸಿ, ಜೋಡಿಸಿ ಇಡುವುದು ಅವನ ಹಾಬಿ. ಹಾಬಿ ಎಂಬ ಪದ ನಮ್ಮ ಕಾನ್ವೆಂಟಿನದು. ಅಜ್ಜಿಯ ಪ್ರಕಾರ ಅದರ ಹೆಸರು "ಗ್ರಾಚಾರ".

ಅಪ್ಪನಿಗೆ ರೈಲ್ವೆಯ ಟ್ರಾನ್ಸ್‌ಫರ್‌ಗಳ ಕಾಟ. ಹಾಗಾಗಿ ನಾನು ಸೇಲಂನ ಕಾನ್ವೆಂಟಿನ ಹಾಸ್ಟೆಲ್‌ನಲ್ಲಿ, ರಜೆ ಬಂದರೆ ಕೊಳತ್ತೂರಿನ ಪಕ್ಕದ ಅಜ್ಜಿ ಮನೆಯಲ್ಲಿ. ಅಲ್ಲಿ ಮಾಮ ಕುರಿ ಸಾಕುತ್ತಿದ್ದ, ಕಡಲೆಕಾಯಿ ಬೆಳೆಯುತ್ತಿದ್ದ. ನಾನು ಬಿಸಾಡಿದ್ದ ಮಾರಲ್ ಸೈನ್ಸ್ ಪುಸ್ತಕವೇ ಅವನ ಆಲ್ಬಂ. "ಸತ್ಯವಂತಿಕೆ" ಪಾಠದಲ್ಲಿ ಒಂದು ರೂಪಾಯಿಗಳು, "ವಿಧೇಯತೆ"ಯಲ್ಲಿ ಹುಲಿ ಇರುವ ಎರಡು ರೂಪಾಯಿಗಳು, "ದಾನಧರ್ಮ"ದಲ್ಲಿ ಹತ್ತರ ನೋಟು. ನಮ್ಮ ಸಿಸ್ಟರ್‌ಗಳು ಕಂಡಿದ್ದರೆ ಮೂರ್ಛೆ ಹೋಗುತ್ತಿದ್ದರು!

ಸಿಸ್ಟರ್ ಎಂದಾಗ ನೆನಪಾಯಿತು. ಒಮ್ಮೆ ನನ್ನ ಫೀಸು ಕಟ್ಟಲು ಬಂದವನಿಗೆ ಸಿಸ್ಟರ್ ಚಿಲ್ಲರೆ ವಾಪಸ್ ಕೊಟ್ಟರು. ಮಾಮ ಒಂದು ನೋಟನ್ನು ಕಿಟಕಿಗೆ ಹಿಡಿದು ನೋಡಿದ. ಇನ್ನೊಂದನ್ನು ಹಿಡಿದ. ಆಮೇಲೆ ಬಹಳ ವಿನಯದಿಂದ ಕೇಳಿದ: "ಅಮ್ಮಾ, ಪೆಟ್ಟೀಲಿರೋ ಮಿಕ್ಕಿದ್ದೂ ಒಂದ್ಸಲ ತೋರ್ಸ್ತೀರಾ?"

ಸಿಸ್ಟರ್ ಪೆಟ್ಟಿಗೆ ಮುಚ್ಚಿ ಬೀಗ ಹಾಕಿ, ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಚೈಲ್ಡ್, ನಿನ್ನ ಅಂಕಲ್ ಇನ್‌ಕಮ್ ಟ್ಯಾಕ್ಸಿನವರಾ?"

ಸರ್ಕಾರ ನೋಟುಗಳ ಸೈಜನ್ನೇ ಚಿಕ್ಕದು ಮಾಡಿದ ಕಾಲ ಅದು. ಮಾಮನಿಗೆ ಹಬ್ಬ. ಅಜ್ಜಿ ಮಾತ್ರ ಹೊಸ ನೋಟನ್ನು ಅಂಗೈ ಮೇಲಿಟ್ಟುಕೊಂಡು, "ನೋಟು ಸಣ್ಣಗಾತು, ರೇಟು ದೊಡ್ಡದಾತು" ಎಂದು ಸೀರೆಯ ಗಂಟಿಗೆ ತುರುಕಿದಳು. ಎಕನಾಮಿಕ್ಸ್‌ನಲ್ಲಿ ನಾನು ಮುಂದೆ ಕಲಿತದ್ದು ಇದಕ್ಕಿಂತ ಹೆಚ್ಚೇನೂ ಇಲ್ಲ.

ಸಂಜೆಯಾದರೆ ಮಾಮ ಜಗುಲಿಯ ಮೇಲೆ ಎರಡು ನೋಟು ಹರಡಿಕೊಂಡು, ದಾರಿಯಲ್ಲಿ ಹೋಗುವವರನ್ನು ಕೂಗುತ್ತಿದ್ದ.

"ಬಾರ್ಲಾ ಇಲ್ಲಿ. ಈ ಎಲ್ಡ್ರಾಗೆ ಏನು ವ್ಯತ್ಯಾಸ ಐತೆ ಏಳು ನೋಡನ."

"ಎಲ್ಡಕ್ಕೂ ಅಷ್ಟೇ ಬೀಡಿ ಬತ್ತದೆ ಬುಡಣ್ಣ!"

ಬರಬರುತ್ತಾ ಜನ ನಮ್ಮ ಬಾಗಿಲು ತಪ್ಪಿಸಿ, ಮುಳ್ಳುಬೇಲಿಯ ಸಂದಿಯಲ್ಲಿ ಬಗ್ಗಿಕೊಂಡು ಹೋಗಲು ಕಲಿತರು. ಮೈ ಗೀರಿಸಿಕೊಂಡಾರು, ನೋಟು ನೋಡಲಾರರು! ನಾನು ನಗುತ್ತಿದ್ದೆ. ಆದರೆ ಹಾಸ್ಟೆಲ್‌ಗೆ ಹೊರಡುವ ದಿನ ಹಿಂತಿರುಗಿ ನೋಡಿದರೆ, ನೋಟುಗಳು ಗಾಳಿಗೆ ಹಾರದಂತೆ ಕಲ್ಲು ಇಟ್ಟು, ಮಾಮ ಖಾಲಿ ರಸ್ತೆಯನ್ನು ನೋಡುತ್ತಾ ಕೂತಿರುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಅಪರೂಪದ ನೋಟಲ್ಲ. ಅದನ್ನು ಪಕ್ಕದಲ್ಲಿ ಕೂತು ನೋಡುವ ಒಂದು ಜೊತೆ ಕಣ್ಣು. ನನ್ನವು ರಜೆಗೆ ಮಾತ್ರ ಸಿಗುತ್ತಿದ್ದವು.

ಕಡೆಗೆ ಅಜ್ಜಿ ಕಡಯಂಪಟ್ಟಿಯಲ್ಲಿ ಒಂದು ಹೆಣ್ಣು ನೋಡಿದಳು. ವಯಸ್ಸು ಮೀರುತ್ತಿದ್ದ ಗಂಡಿಗೆ ವಯಸ್ಸು ಮೀರುತ್ತಿದ್ದ ಹೆಣ್ಣು; ಮಾತು ಕನ್ನಡ, ಮನೆತನ ಒಪ್ಪುವಂಥದ್ದು. ರಜೆಗೆ ಬಂದಿದ್ದ ನಾನೂ ಜೊತೆಗೆ ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಜ್ಜಿಯ ಎಚ್ಚರಿಕೆ: "ಲೇ, ಅಲ್ಲೋಗಿ ನೋಟು ಗೀಟು ಅಂತ ಬಾಯಿ ಬುಟ್ಟೀಯ! ನಾನು ಅಂಗೇ ಎದ್ದು ಬಸ್ಸತ್ತೀನಿ."

ಮಾಮ ಬಾಯಿ ಬಿಡಲಿಲ್ಲ. ಎಷ್ಟರಮಟ್ಟಿಗೆ ಎಂದರೆ, ಕೇಸರಿಬಾತು ಸಿಹಿಯಾಗಿದೆಯಾ ಅಂದರೂ ತಲೆಯಾಡಿಸಿದ, ಊರಲ್ಲಿ ಮಳೆ ಹೇಗೆ ಅಂದರೂ ತಲೆಯಾಡಿಸಿದ. ಹುಡುಗಿಯ ಅಣ್ಣ ಗಾಬರಿಯಾಗಿ ತಮಿಳಿನಲ್ಲಿ, "ಮಾಪ್ಳೆ ಪೇಸುವಾರಾ?" ಎಂದ.

"ಮಾತಾಡ್ತನೆ, ಮಾತಾಡ್ತನೆ, ಚೆನ್ನಾಗೇ ಮಾತಾಡ್ತನೆ! ಈಗ ನಾಚ್ಕೆ," ಎಂದಳು ಅಜ್ಜಿ.

ಹುಡುಗಿ ತಟ್ಟೆ ತಂದಳು. ಹೂವಿಗೆ ಎಂದು ಅಜ್ಜಿ ಅದರಲ್ಲಿ ಐದರ ಎರಡು ನೋಟು ಇಟ್ಟಳು. ಹುಡುಗಿ ನಮಸ್ಕಾರ ಮಾಡಿ ಒಳಗೆ ಹೋಗಬೇಕು, ಪದ್ಧತಿ ಅದು. ಹೋಗಲಿಲ್ಲ. ತಟ್ಟೆಯನ್ನೇ ನೋಡುತ್ತಾ ನಿಂತಳು.

"ಅವ್ವಾ, ಇವೆಲ್ಡೂ ಒಂದೇ ತರ ಇಲ್ಲ. ಒಂದ್ರ ರುಜು ಉದ್ದಕೈತೆ, ಇನ್ನೊಂದ್ರದು ಗುಂಡಗೈತೆ."

ಅಜ್ಜಿ ಕಣ್ಣು ಮುಚ್ಚಿದಳು.

"ನಂಬರ್ ಪಕ್ಕ ನೋಡು!" ಎಂದ ಮಾಮ. ಅಂದಿನ ಅವನ ಮೊದಲ ಮಾತು.

"ಇದ್ರಾಗೆ ಏನೋ ಸಣ್ಣ ಅಕ್ಷರ ಐತೆ. ಅದ್ರಾಗೆ ಇಲ್ಲ."

"ನೋಟಿನ ಮೇಲಿರೋ ಜಿಂಕೆ ಬಣ್ಣ?"

"ತಾಳಿ, ಬೆಳಕಿಗೆ ಇಡೀತೀನಿ."

ಮುಗಿಯಿತು! ಇಬ್ಬರೂ ಕಿಟಕಿಯ ಹತ್ತಿರ. ಕಾಫಿ ಆರಿತು, ಅಣ್ಣ ಕೆಮ್ಮಿದ, ಅತ್ತಿಗೆ ಪಾತ್ರೆ ಸದ್ದು ಮಾಡಿದಳು. ಅವರಿಗೆ ಯಾವುದೂ ಕೇಳಿಸಲಿಲ್ಲ. ಆಕೆ ಏನೋ ಅಂದಳು, ಮಾಮ ನಕ್ಕ. ಹಲ್ಲು ಕಾಣುವ ಹಾಗೆ ಅವನು ನಕ್ಕದ್ದನ್ನು ನಾನು ನೋಡಿದ್ದು ಆ ಮಧ್ಯಾಹ್ನ ಮಾತ್ರ. ಹಿಂತಿರುಗುವಾಗ ಬಸ್ಸಿನಲ್ಲಿ ನನ್ನ ಕಡೆ ಬಗ್ಗಿ, "ತಾನಾಗೇ ನೋಡಿದ್ಲು ಕಣಮ್ಮಿ, ನಾನು ಏಳ್ಕೊಡ್ಲಿಲ್ಲ," ಎಂದ.

ಅವರ ಕಡೆಯಿಂದ ಉತ್ತರ ಬಂತು: ಗಂಡಿಗೆ ದುಡ್ಡಿನ ಹುಚ್ಚು, ಇಂಥ ಆಸೆಬುರುಕನಿಗೆ ಹೆಣ್ಣು ಕೊಡುವುದಿಲ್ಲ. ಆಸೆಬುರುಕ! ನೋಟಿನ ರುಜು ಚೆನ್ನಾಗಿದೆ ಎಂದು ಕೊಬ್ಬಿದ ಟಗರನ್ನು ಕಡಿಮೆ ಬೆಲೆಗೆ ಕೊಟ್ಟು ಬಂದವನು! ಅಜ್ಜಿಯೂ ಸೋಲಲಿಲ್ಲ. "ಒಸ್ಲು ತುಳಿಯೋಕ್ ಮುಂಚೇನೇ ನನ್ನ ನೋಟು ಒಳ್ಳೇದೋ ಕೆಟ್ಟದ್ದೋ ಅಂತ ತಿರುಗ್ಸಿ ನೋಡ್ದೋಳು, ಬೇಡ ತಕ್ಕ," ಎಂದಳು. ಎರಡು ಮನೆಯವರೂ ಪೂರ್ತಿ ಒಪ್ಪಿದ್ದು ಇದೊಂದೇ ವಿಷಯ. ಆಕೆಯನ್ನು ಯಾರೂ ಕೇಳಲಿಲ್ಲ. ಕಂಬೈನಲ್ಲೂರಿಗೆ ಮದುವೆ ಮಾಡಿಕೊಟ್ಟರಂತೆ.

ಮಾಮ ಮತ್ತೆ ಹೆಣ್ಣು ನೋಡಲು ಹೋಗಲಿಲ್ಲ. ಜಗುಲಿಯಿಂದ ಯಾರನ್ನೂ ಕೂಗಲೂ ಇಲ್ಲ. ಜನ ಬೇಲಿಯ ಸಂದಿ ಬಿಟ್ಟು ನೆಟ್ಟಗೆ ರಸ್ತೆಯಲ್ಲೇ ಓಡಾಡತೊಡಗಿದರು. ಆದರೆ ಕುರಿ ಮಾರಲು ಮಾತ್ರ ಹತ್ತಿರದ ಸಂತೆಗಳನ್ನೆಲ್ಲ ಬಿಟ್ಟು ಅಷ್ಟು ದೂರ ಕಂಬೈನಲ್ಲೂರಿಗೆ ಹೋಗುತ್ತಿದ್ದ.

"ಇಲ್ಲಿನ ಸಂತೆಗೆ ಏನು ಬಂದಿತ್ತಲಾ ರೋಗ?" ಎಂದು ಅಜ್ಜಿ ಕೂಗಿದರೆ, "ಅಲ್ಲಿ ನೋಟು ತರಾವರಿ ಬತ್ತವೆ ಕಣವ್ವ," ಎನ್ನುತ್ತಿದ್ದ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ನನಗೂ ಮದುವೆಯಾಗಿ, ಗಂಡನ ಜೊತೆ ನಾಗಪುರಕ್ಕೆ ಹೊರಟೆ. ರೈಲು ಹಿಡಿಯುವ ಊರಿನವರೆಗೆ ಬಸ್ಸು; ಮಾಮ ಸೇಲಂ ಬಸ್ ಸ್ಟ್ಯಾಂಡಿಗೆ ಬಂದಿದ್ದ. ತಲೆ ಬೆಳ್ಳಗಾಗಿತ್ತು. ಕಿಟಕಿಯ ಸರಳು ಹಿಡಿದು ನಿಂತವನನ್ನು ನಾನು ಕೇಳಿಯೇಬಿಟ್ಟೆ.

"ಮಾಮ, ಆಕೆ ಸಿಕ್ಕಿದ್ಳಾ?"

ಯಾರು ಎಂದು ಅವನು ಕೇಳಲಿಲ್ಲ.

"ಒಂದ್ಸಲ ಕಂಡ್ಲು. ಮಗೀನ ಸೊಂಟದ ಮೇಲಿಕ್ಕೊಂಡು ಬದ್ನೆಕಾಯಿ ತಕ್ಕೊಂತಿದ್ಲು. ನಾನು ಕುರಿಗಳ ಇಂದೆ ಕೂತಿದ್ದೆ."

"ಮಾತಾಡಿಸಲಿಲ್ವಾ?"

"ಏನಂತ ಮಾತಾಡ್ಸನ?" ಎಂದವನು ಕಿಟಕಿಗೆ ಇನ್ನಷ್ಟು ಹತ್ತಿರ ಬಂದ. "ದುಡ್ಡು ಕೊಡೋಕ್ ಮುಂಚೆ ನೋಟು ತಿರುಗ್ಸಿ ನೋಡಿದ್ಲು ಕಣಮ್ಮಿ. ಬಿಸ್ಲಿಗೆ ಇಡ್ದು. ಇನ್ನೂ ನೋಡ್ತಾವ್ಳೆ."

ಡ್ರೈವರ್ ಹಾರ್ನ್ ಹೊಡೆದ. ಮಾಮ ಗಡಿಬಿಡಿಯಲ್ಲಿ ಕಡಲೆಕಾಯಿ ಮಾರುವವಳನ್ನು ಕೂಗಿ, ಒಂದು ಪೊಟ್ಟಣ ತೆಗೆದುಕೊಂಡು ನನ್ನ ಮಡಿಲಿಗೆ ಹಾಕಿದ. ಬಸ್ಸು ಹೊರಟಿತು. ಮಾಮ ಜೇಬಿನಿಂದ ಒಂದು ನೋಟು ತೆಗೆದು ಕಡಲೆಕಾಯಿಯವಳ ಕೈಗೆ ಕೊಟ್ಟ. ಹೊಸ ನೋಟು. ಯಾವ ರುಜುವೋ, ಯಾವ ಅಕ್ಷರವೋ, ಅವನು ನೋಡಲಿಲ್ಲ. ನಮ್ಮ ಬಸ್ಸು ತಿರುಗುವವರೆಗೂ ನನ್ನ ಕಿಟಕಿಯನ್ನೇ ನೋಡುತ್ತಾ ನಿಂತಿದ್ದ. ನಾನು ಅವನನ್ನು ಕಂಡದ್ದು ಅದೇ ಕೊನೆ.