ಭಟ್ಟಿಯ ಪೈಪು ಒಣಗಿಸಿದ್ದು

ಪೈಪಿನೊಳಗೆ ಉಳಿದ ನೀರೂ ನಮ್ಮ ಮನೆಯವರ ಬಾಯೊಳಗೆ ಉಳಿದ ಮಾತೂ ಬೇಡದ ಹೊತ್ತಿಗೇ ಹೊರಗೆ ಬೀಳುತ್ತವೆ. ಸೊಸೆ ಮುಂಬಯಿ ಹತ್ತಿರ ಕಳಂಬೋಲಿಯ ಕಬ್ಬಿಣದ ಪೇಟೆಯ ಹಿಂದೆ, ತಗಡಿನ ಶೆಡ್ಡಿನಲ್ಲಿ, ಜಿನ್ ಎಂಬ ಮದ್ಯದ ಸಣ್ಣ ಭಟ್ಟಿ ಹಾಕಿದ ಮೇಲಂತೂ ಇಂಥದ್ದಕ್ಕೆ ಬರವೇ ಇಲ್ಲ. ನಾವು ಉಡುಪಿ ಕಡೆಯವರು, ಇಡ್ಲಿ ಹೋಟೆಲಿನವರು. ನೆಂಟರು ಕೇಳಿದರೆ "ಅತ್ತರಿನ ಹಾಗೆ ಏನೋ" ಎನ್ನುತ್ತೇನೆ.

೧. ಗಳದ ಮೇಲೆ

ಮೊದಲ ಸಲ ಇಳಿಸಿದ ಜಿನ್ನಿಗೆ ನೆಲ ಒರೆಸುವ ಒದ್ದೆ ಬಟ್ಟೆಯ ವಾಸನೆ. ಜಿನ್ ಹಾಯಿಸುವ ಉದ್ದನೆಯ ರಬ್ಬರ್ ಪೈಪು ತೊಳೆದವರು ನೀರು ಬಸಿಯದೆ, ಸುತ್ತಿ ನೆಲದ ಮೇಲೆ ಬಿಟ್ಟಿದ್ದರಂತೆ. ಎಲ್ಲವನ್ನೂ ಚೆಲ್ಲಿದ್ದಾಯಿತು. ಬೇಲಾಪುರದ ದೊಡ್ಡ ಹೋಟೆಲಿನವನೊಬ್ಬ ಶನಿವಾರ ರುಚಿ ನೋಡಲು ಬರುವವನಿದ್ದ. "ಈ ಸಲವೂ ವಾಸನೆ ಬಂದರೆ ಭಟ್ಟಿ ಬಂದ್, ಅತ್ತೆ" ಎಂದು ಸೊಸೆ ಅತ್ತಳು. ನಾನೇ ಹೊರಟೆ.

ಮಗ ಪೈಪನ್ನು ಮೊಳೆಗೆ ನೇತುಹಾಕಿದ್ದ. ಸುರುಳಿಯ ತಳದಲ್ಲಿ ನೀರು ಹಾಗೇ ನಿಂತಿತ್ತು.

"ನನ್ನ ತವರಲ್ಲಿ ಮಡಿಸೀರೆ ಹೀಗೆ ಒಣಗಿಸುತ್ತಿದ್ದರೇನೋ?" ಎಂದು ಬೈದು, ಗೋಡೆಯಿಂದ ಗೋಡೆಗೆ ಬಿದಿರಿನ ಗಳ ಓರೆಯಾಗಿ ಕಟ್ಟಿಸಿದೆ. ಪೈಪನ್ನು ಅದರ ಮೇಲೆ ಉದ್ದಕ್ಕೆ ಮಲಗಿಸಿ, ಕೆಳಬಾಯಿಯ ಅಡಿಗೆ ಬಾಲ್ದಿ ಇಟ್ಟೆ.

"ಇನ್ನು ಸುಮ್ಮನೆ ಯಾರೂ ಮುಟ್ಟಬಾರದು. ಇದು ಮಡಿ."

"ಮಡಿ ಎಂದರೆ, ಆಜಿ?" ಅಜ್ಜಿಗೆ ಆಜಿ ಎನ್ನುವ ಮರಾಠಿ ಕೆಲಸದವನೊಬ್ಬ ಕೇಳಿದ.

"ತಲೆಗೆ ನೀರು ಹಾಕಿಕೊಂಡು ಒದ್ದೆಯಲ್ಲೇ ಬಂದು ಮುಟ್ಟಬೇಕು."

ಮಾರನೆಯ ಬೆಳಿಗ್ಗೆ ಕೆಲಸದವರೆಲ್ಲ ನೀರು ತೊಟ್ಟಿಕ್ಕಿಸುತ್ತ ಸಾಲಾಗಿ ಬಂದು ನಿಂತರು. ಪೈಪು ಒಣಗಿತ್ತು. ನೆಲ ಕೆರೆಯಾಯಿತು.

೨. ಬಾಯಿಬಟ್ಟೆ

ಪೈಪಿನೊಳಗೆ ಜಿರಲೆ ಹೊಕ್ಕೀತೆಂದು ಉಪ್ಪಿನಕಾಯಿ ಭರಣಿಗೆ ಕಟ್ಟುವ ಹಾಗೆ ಅದರ ಬಾಯಿಗೆ ಬಟ್ಟೆ ಕಟ್ಟಿದೆ. ಮರುದಿನ ತೊಳೆಯಲೆಂದು ಪಂಪು ಹಾಕಿದವನಿಗೆ ಅದನ್ನು ಬಿಚ್ಚುವ ನೆನಪಾಗಲಿಲ್ಲ. ನಮ್ಮ ಯಜಮಾನರು ಸರಿಯಾಗಿ ಆಗಲೇ "ಇದೆಂಥ ಗಂಟು?" ಎಂದು ಬಗ್ಗಿದರು. ಗಂಟು ಹಾರಿ ಮೂಗಿಗೆ ಬಡಿಯಿತು, ಹಿಂದೆಯೇ ನೀರು ಬಾಯಿಗೆ.

ಜೀವಮಾನದಲ್ಲಿ ಮದ್ಯ ಮುಟ್ಟದವರು! "ಉಗುಳಿ, ಉಗುಳಿ!" ಎಂದು ನಾನು ಓಡಿದೆ. ಅವರು ಉಗುಳಲಿಲ್ಲ. ಕಣ್ಣು ಮುಚ್ಚಿ ನುಂಗಿ, ತುಟಿ ಸವರಿಕೊಂಡರು.

"ಬರೀ ನೀರು, ಮಾರಾಯ್ತಿ."

ಇಷ್ಟು ವರ್ಷದ ಸಂಸಾರದಲ್ಲಿ ಅವರ ದನಿಯಲ್ಲಿ ಅಷ್ಟು ನಿರಾಶೆ ಕೇಳಿದ್ದು ಅದೇ ಮೊದಲು.

೩. ಒಂದು ಹನಿ

ಶನಿವಾರ ಹೋಟೆಲಿನವನು ಬಂದ. ಹೊಸದಾಗಿ ಇಳಿಸಿಟ್ಟ ಜಿನ್ನಿನ ಬಾಟಲಿಯ ಕಡೆ ನೋಡಲೂ ಇಲ್ಲ, ನೆಟ್ಟಗೆ ಪೈಪಿನ ಹತ್ತಿರ ಹೋದ.

"ವಾಸನೆ ಹುಟ್ಟುವುದೇ ಇಲ್ಲಿ. ಒಳಗೆ ನೀರಿದೆಯೋ ನೋಡೋಣ" ಎಂದು ಕೆಳಬಾಯಿಗೆ ಅಂಗೈ ಒಡ್ಡಿ, ಮೇಲಿನ ತುದಿ ಎತ್ತಲು ಮಗನಿಗೆ ಹೇಳಿದ.

ತಗಡಿನ ಕೆಳಗೆ ಕಾದ ಕಾವಲಿಯಂಥ ಸೆಕೆ. ಎಲ್ಲರೂ ಬಗ್ಗಿ ನೋಡಿದೆವು. ಯಜಮಾನರು ಎಲ್ಲರಿಗಿಂತ ಹೆಚ್ಚು ಬಗ್ಗಿದರು. ಮಗ ಎತ್ತಿದ. ಏನೂ ಬರಲಿಲ್ಲ. ಇನ್ನೂ ಎತ್ತಿದ.

ಟಪ್! ಅಂಗೈ ಮೇಲೆ ಒಂದು ಹನಿ.

ಸೊಸೆ ಪೀಪಾಯಿಯ ಮೇಲೆ ಕುಸಿದು ಕೂತಳು. ಆತ ಮೂಸಿದ. ಮತ್ತೆ ಮೂಸಿ ಕಣ್ಣು ಮುಚ್ಚಿದ. "ನಾರಿಯಲ್?"

ನಾನು ತಲೆ ಎತ್ತಿದೆ. ಯಜಮಾನರ ತಲೆ ಆತನ ಅಂಗೈಯ ನೇರ ಮೇಲಿತ್ತು. ಬೆಳಿಗ್ಗೆ ಹಚ್ಚಿದ ತೆಂಗಿನೆಣ್ಣೆ ಬೆವರಿನೊಂದಿಗೆ ಇಳಿದು, ಹಣೆಯ ತುದಿಯಲ್ಲಿ ಎರಡನೆಯ ಹನಿ ಸಿದ್ಧವಾಗಿತ್ತು. ಅಂಗಿ ಹಿಡಿದು ಎಳೆದೆ.

"ಹೌದು ಸರ್, ಹೊಸದು" ಎಂದಳು ಸೊಸೆ, ತಡವರಿಸದೆ. "ಇನ್ನೂ ಗುಟ್ಟು."

ಆತ ಬಾಟಲಿಯ ಜಿನ್ ಕುಡಿದು ತಲೆದೂಗಿದ. ಯಾವ ವಾಸನೆಯೂ ಇರಲಿಲ್ಲ. ಆರ್ಡರ್ ಕೊಟ್ಟ. "ತೆಂಗಿನದ್ದೂ ಬೇಕು" ಎಂದ.

ಅಂದಿನಿಂದ ಭಟ್ಟಿಯಲ್ಲಿ ಕಾಯಿ ತುರಿಯುವುದೇ ಕೆಲಸ. ಹಸಿಕಾಯಿ, ಕೊಬ್ಬರಿ, ಸುಟ್ಟ ಕಾಯಿ ಎಲ್ಲ ಹಾಕಿ ಇಳಿಸಿ ಕಳಿಸಿದ್ದಾಯಿತು. ಪ್ರತಿ ಸಲವೂ ಆತ ಫೋನಿನಲ್ಲಿ ಹೇಳುವುದು ಒಂದೇ: "ಚೆನ್ನಾಗಿದೆ. ಆದರೆ ಅವತ್ತು ಕೈಮೇಲೆ ಬಿದ್ದದ್ದರ ಪರಿಮಳ ಇದಕ್ಕಿಲ್ಲ."

ಫೋನಿಟ್ಟು ಸೊಸೆ ಮಾವನ ತಲೆಯನ್ನೇ ದಿಟ್ಟಿಸುತ್ತಾಳೆ. ಅವರೀಗ ಭಟ್ಟಿಗೆ ಟೋಪಿ ಹಾಕಿಕೊಂಡೇ ಬರುತ್ತಾರೆ.